ಡಬ್ಬಣ್ಣನ ಪೆಟ್ಟಿಗೆಗಳು ಮೆತ್ತಗಾದ ದಿನ

ಮ್ಯಾನೇಜರು ಡಬ್ಬಣ್ಣನ ಎರಡು ಸ್ಪೀಕರ್ ಪೆಟ್ಟಿಗೆಗಳನ್ನು ಅವನನ್ನು ಕೇಳದೆಯೇ ಮನೆಯಿಂದ ತರಿಸಿ, ಕಾರ್ಖಾನೆಯ ಹೊಲಿಗೆ ಹಾಲ್‌ನಲ್ಲಿ ತೂಗುಹಾಕಿಸಿದರು. ಮೂರು ತಿಂಗಳಾಯಿತು.

ಡಬ್ಬಣ್ಣ ಆ ಹಾಲ್‌ನ ಮೆಕ್ಯಾನಿಕ್. ಹಳೆಯ ಕಪಾಟಿನ ಹಲಗೆ ಕೊಯ್ದು ಪೆಟ್ಟಿಗೆ ಮಾಡಿ, ಪ್ರತಿಯೊಂದರಲ್ಲೂ ದನಿ ಹೊರಡಿಸಲು ಒಂದೇ ಒಂದು ಫುಲ್ ರೇಂಜ್ ಡ್ರೈವರ್ ಕೂರಿಸಿದ್ದ. ಅಂದರೆ ಡೋಲಿನ ಗುಡುಗನ್ನೂ ಕೊಳಲಿನ ಉಸಿರನ್ನೂ ಒಂದೇ ಕಾಗದದ ಗಂಟಲು ಹಾಡಬೇಕು. ಸಂಜೆ ಅವುಗಳ ಮುಂದೆ ಕಾಲು ಚಾಚಿ ಕೂತರೆ ಸೂರು ಕರಗಿ, ಗೋಡೆ ಹಿಂದೆ ಸರಿದು, ಅವನು ಅರಳೆಯಂತೆ ತೇಲುತ್ತಿದ್ದ. ಈಗ ಮನೆಯಲ್ಲಿ ಗೋಡೆಗಳು ಇದ್ದಲ್ಲೇ ಇರುತ್ತಿದ್ದವು.

ಹಾಲ್‌ನಲ್ಲಿ ಅವೇ ಪೆಟ್ಟಿಗೆಗಳು ತಗಡಿನ ಸೂರಿನಡಿ, ನೇರ ಮುಖಕ್ಕೇ ಗುರಿಯಿಟ್ಟು ಕಿರುಚುತ್ತಿದ್ದವು. ಮ್ಯಾನೇಜರು ಮೈಕಿನಲ್ಲಿ ಬಾಯಿ ತೆರೆದರೆ ತಟ್ಟೆಯ ಮೇಲೆ ಮೊಳೆ ಗೀಚಿದ ಹಾಗೆ. ಆಗೆಲ್ಲ ಅರವತ್ತು ಹೆಂಗಸರು ಕಿವಿಗೆ ಬಟ್ಟೆಚೂರು ತುರುಕಿಕೊಳ್ಳುತ್ತಿದ್ದರು. ಬೈಗುಳ ಮಾತ್ರ ಮಾತಾಡಿದವರಿಗಲ್ಲ, ಪೆಟ್ಟಿಗೆ ಮಾಡಿದವನಿಗೆ.

ಆ ಬೆಳಿಗ್ಗೆ ಮ್ಯಾನೇಜರು ಕರೆದರು. “ನಾಳೆ ಖರೀದಿದಾರರು ಬರ್ತಾರೆ. ಅವರೆದುರು ನನ್ನ ದನಿ ಹೀಗೆ ಕೇಳಬಾರದು. ಇವತ್ತೇ ಸರಿಮಾಡು. ಮಾಡಿದ್ರೆ ನಾಡಿದ್ದು ಪೆಟ್ಟಿಗೆ ನಿನ್ನ ಮನೆಗೆ, ಇಲ್ಲಾಂದ್ರೆ ಗುಜರಿಗೆ.”

ಡಬ್ಬಣ್ಣ ಏಣಿ ಹತ್ತಿದ. ಏಣಿ ಹತ್ತಿದವನಿಗೆ ಕೆಳಗಿರುವವರೆಲ್ಲ ಗುರುಗಳು.

“ಒಳಗೆ ಹತ್ತಿ ತುಂಬಪ್ಪ,” ಎಂದರು ಕಟಿಂಗ್ ಮಾಸ್ಟರು. ತುಂಬಿದ. ಪೆಟ್ಟಿಗೆಗೆ ನೆಗಡಿಯಾಯಿತು, ಕಿರುಚಾಟ ಮೂಗಿನಿಂದ ಬರತೊಡಗಿತು.

“ಅದರ ಬಾಯಿಗೆ ಬಟ್ಟೆ ಕಟ್ಟೋ ಡಬ್ಬಣ್ಣ. ಮಿಕ್ಕಿದ್ರೆ ಮ್ಯಾನೇಜರಿಗೂ,” ಎಂದಳು ಕಾಲರಕ್ಕ. ಇಪ್ಪತ್ತು ವರ್ಷ ಕಾಲರನ್ನೇ ಹೊಲಿದವಳಿಗೆ ಅದೇ ಹೆಸರಾಗಿತ್ತು. ಕೋಟಿನ ದಪ್ಪ ಬಟ್ಟೆ ಕಟ್ಟಿದ. ದನಿ ಕಂಬಳಿಯೊಳಗಿಂದ ಜಗಳವಾಡಿತು. ಬಿಚ್ಚುವಾಗ ಸ್ಕ್ರೂಡ್ರೈವರ್ ಜಾರಿ ಮಾಸ್ಟರ ಚಹಾದ ಲೋಟಕ್ಕೆ ಬಿತ್ತು. ಚಹಾ ಬಿಳಿ ಅಂಗಿಗಳ ರಾಶಿಗೆ ಹಾರಿತು.

“ಹೂವಿನ ಡಿಸೈನು ಚೆನ್ನಾಗೇ ಬಂದಿದೆ ಬಿಡು,” ಕಾಲರಕ್ಕ ನಕ್ಕಳು.

ಕೊನೆಗೆ ಅವನು ಎಲ್ಲರ ಮಾತು ಬಿಟ್ಟು ಪೆಟ್ಟಿಗೆಯ ಮಾತು ಕೇಳಿದ. ಚೂಪೆಲ್ಲ ನೇರ ಮುಂದಕ್ಕೇ ಹಾರುತ್ತಿತ್ತು. ಪೆಟ್ಟಿಗೆಗಳ ಮುಖವನ್ನು ಹೆಂಗಸರ ಕಿವಿಗಳ ನೇರದಿಂದ ಪಕ್ಕಕ್ಕೆ ತಿರುಗಿಸಿದ. ಖಾಲಿ ದಾರದ ರೀಲಿಗೆ ತಾಮ್ರದ ತಂತಿ ಸುತ್ತಿ, ಅದರ ಜೊತೆಗೊಂದು ರೆಸಿಸ್ಟರ್ ಬೆಸೆದು, ಡ್ರೈವರ್‌ಗೆ ಹೋಗುವ ತಂತಿಯ ನಡುವೆ ಸೇರಿಸಿದ. ಮೇಲಿನ ಸ್ವರಗಳು ಇಲ್ಲಿ ಸ್ವಲ್ಪ ತಲೆ ತಗ್ಗಿಸಿ ದಾಟಬೇಕು, ಅಷ್ಟೆ.

ನಾಲ್ಕು ಗಂಟೆಗೆ ಮ್ಯಾನೇಜರು ತಮ್ಮ ಕೋಣೆಯಲ್ಲಿ ಮೈಕು ಹಾಕಿದರು.

ದನಿ ಇಳಿದು ಬಂತು, ನಿದ್ದೆಯ ಹೊತ್ತಿಗೆ ಯಾರೋ ಹಣೆ ಸವರಿದ ಹಾಗೆ. ನೂಲಿನ ಧೂಳು ಬಿಸಿಲುಕೋಲಿನಲ್ಲಿ ತೂಗಾಡುತ್ತ ನಿಂತಿತು. ಬಟ್ಟೆಚೂರುಗಳು ಒಂದೊಂದಾಗಿ ಕಿವಿಯಿಂದ ಹೊರಬಂದವು. ಹೊಲಿಗೆ ಯಂತ್ರಗಳು ದನ ಮೆಲುಕು ಹಾಕುವಂತೆ ನಿಧಾನವಾದವು. ಡಬ್ಬಣ್ಣ ಏಣಿಯ ಮೇಲೇ ಕಣ್ಣು ಮುಚ್ಚಿದ.

“ದಿನಾ ಓದುವಂತೆ ಇವತ್ತೂ ಓದುತ್ತಿದ್ದೇನೆ,” ಎಂದು ದನಿ ಜೋಗುಳ ಹಾಡಿತು. “ಗಂಟೆಗೆ ಹತ್ತು ಅಂಗಿ ಹೆಚ್ಚು… ಶೌಚಕ್ಕೆ ದಿನಕ್ಕೆ ಎರಡೇ ಸಲ… ಊಟಕ್ಕೆ ಹದಿನೈದು ನಿಮಿಷ… ಹೀಗೆ ಓದತೊಡಗಿ ನಾಳೆಗೆ ನಿಯಮದ ತೊಂಬತ್ತು ದಿನ ಮುಗಿಯುತ್ತದೆ. ಈವರೆಗೆ ಯಾರೂ ಬೇಡ ಅಂದಿಲ್ಲ. ಎಲ್ಲರೂ ಒಪ್ಪಿದ್ದಾರೆಂದು ನಾಳೆ ಸಂಜೆಯಿಂದ ಜಾರಿ…”

ಒಂದು ಯಂತ್ರ ನಿಂತಿತು. ಇನ್ನೊಂದು. ಆಮೇಲೆ ಅರವತ್ತೂ.

“ಶೌಚಕ್ಕೆ ಎರಡು ಸಲವಾ?” ಕಾಲರಕ್ಕ ಎದ್ದು ನಿಂತಳು. “ಮೂರು ತಿಂಗಳಿಂದ ನಾನು ಹವಾಮಾನ ವರದಿ ಅಂದ್ಕೊಂಡಿದ್ನಲ್ಲೇ!”

“ಒಪ್ಪಿಲ್ಲ! ಬರ್ಕೊಳ್ಳಿ ಸಾರ್, ಒಪ್ಪಿಲ್ಲ!” ಅರವತ್ತು ಗಂಟಲು ತಗಡಿಗೆ ಬಡಿದವು. ಆ ಕೂಗನ್ನು ಮೆತ್ತಗಾಗಿಸುವ ತಂತಿಸುರುಳಿಯನ್ನು ಇನ್ನೂ ಯಾರೂ ಸುತ್ತಿಲ್ಲ.

ಮ್ಯಾನೇಜರು ಓಡಿಬಂದರು. “ಏನು ಮಾಡಿದ್ಯೋ? ಕಿತ್ತುಹಾಕು ಅದನ್ನ! ಮೊದಲಿನ ಹಾಗೇ ಕಿರುಚಲಿ!” ಆಮೇಲೆ ಏಣಿಗೆ ಒರಗಿ ದನಿ ತಗ್ಗಿಸಿದರು. “ನೋಡಪ್ಪ, ಖರೀದಿದಾರರು ಏನಾದ್ರೂ ಅಂದ್ಕೊಳ್ಳಲಿ, ನಾಳೆ ಕೊನೆಯ ಒಂದು ದಿನ ಕಿರುಚಲಿ ಸಾಕು. ಸಂಜೆ ನಾನೇ ಪೆಟ್ಟಿಗೆ ನಿನ್ನ ಮನೆಗೆ ತಂದು ಕೊಡ್ತೀನಿ. ಇಲ್ಲಾಂದ್ರೆ ಅದೂ ಗುಜರಿಗೆ, ನೀನೂ ಗೇಟಿನಾಚೆಗೆ.”

ಡಬ್ಬಣ್ಣ ಪೆಟ್ಟಿಗೆಯ ಮೇಲೆ ಕೈಯಿಟ್ಟ. ಮರ ಇನ್ನೂ ಸಣ್ಣಗೆ ನಡುಗುತ್ತಿತ್ತು.

“ಆಗಲ್ಲ ಸಾರ್. ಸರಿಹೋಗಿರೋದನ್ನ ಕೆಡಿಸೋಕೆ ನನಗೆ ಬರಲ್ಲ.”

“ಹಾಗಾದ್ರೆ ಇಳಿಯೋ ಕೆಳಗೆ!”

“ಅದೂ ಆಗಲ್ಲ,” ಎಂದ ಡಬ್ಬಣ್ಣ, ಪೆಟ್ಟಿಗೆಯನ್ನು ಎರಡೂ ಕೈಯಿಂದ ತಬ್ಬಿಕೊಂಡು.