ಪೇಟಿ ಮುಂದೆ ಹಾಡಲು ಬಂದವರು

ಮದುವೆ ಮನೆಯ ಅಡುಗೆಯವನಿಗೂ ವಿಶ್ವವಿದ್ಯಾಲಯದ ಪೇಟಿ ಮಾಸ್ತರನಿಗೂ ಒಂದು ಪುಣ್ಯವಿದೆ. ಇಬ್ಬರೂ ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿಲ್ಲ, ಕೂತಲ್ಲಿಗೇ ಅದು ಬರುತ್ತದೆ. ನಾನು ಕೊಪ್ಪಳದಲ್ಲಿ ವಿಶ್ವವಿದ್ಯಾಲಯದ ಜಾನಪದ ಹಾಡು ಕುಣಿತದ ತಂಡಕ್ಕೆ ಪೇಟಿ ಬಾರಿಸುವವನು. ಪೇಟಿ ಅಂದರೆ ಹಾರ್ಮೋನಿಯಂ. ನಮ್ಮ ಕಡೆ ಹಾರ್ಮೋನಿಯಂ ಅಂದರೆ ಜನ ಅದು ದೊಡ್ಡವರ ಮನೆಯ ಬೇರೆ ಯಾವುದೋ ವಸ್ತು ಅಂದುಕೊಳ್ಳುತ್ತಾರೆ.

ವರ್ಷಕ್ಕೊಮ್ಮೆ ತಂಡಕ್ಕೆ ಹೊಸ ಹುಡುಗ ಹುಡುಗಿಯರನ್ನು ಆರಿಸುತ್ತೇವೆ. ಆರಿಸುವವರು ಇಬ್ಬರೇ, ತಂಡದ ಹೊಣೆ ಹೊತ್ತ ಮೇಡಂ ಮತ್ತು ಅವರ ಪಕ್ಕದಲ್ಲಿ ನಾನು. ಮೇಡಂ ಮೈಸೂರು ಕಡೆಯವರು, ಬಲು ಮೆದು ಮಾತಿನವರು. ಈ ಸಲ ಅವರ ಮುಖದಲ್ಲಿ ನಗುವಿರಲಿಲ್ಲ. ಸೋಬಾನೆ ಪದಗಳನ್ನು ಮುಂದೆ ನಿಂತು ಹಾಡುತ್ತಿದ್ದ ನಮ್ಮ ಹುಡುಗಿ ಓದು ಮುಗಿಸಿ ಹೋಗಿದ್ದಳು. ಅವಳ ಜಾಗಕ್ಕೆ ಒಬ್ಬಳು ಸಿಗದಿದ್ದರೆ ಯುವಜನೋತ್ಸವಕ್ಕೆ ಸೋಬಾನೆ ಇಲ್ಲದೆಯೇ ಹೋಗಬೇಕು. ಹಾಡುವವರಿಗೆ ನಮ್ಮಲ್ಲಿ ಬರವಿಲ್ಲ, ಕಸ ಗುಡಿಸುವಾಗಲೂ ಹಾಡುವವರಿದ್ದಾರೆ. ಆದರೆ ಮನೆಯವರು ಕಳಿಸಬೇಕಲ್ಲ. ಹಿಂದಿನ ವರ್ಷ ಆರಿಸಿದ ಹುಡುಗಿಯರನ್ನು ಊರೂರು ತಿರುಗುವುದು ಬೇಡ ಅಂತ ಮನೆಯವರು ಬಿಡಿಸಿಬಿಟ್ಟಿದ್ದರು. ಹಾಗಾಗಿ ಮೇಡಂ ಬೆಳಿಗ್ಗೆಯೇ ನನಗೆ ಹೇಳಿದ್ದರು, ‘ಮಾಸ್ತರೇ, ಈ ಸಲ ಧ್ವನಿ ಒಂದಿಷ್ಟು ಕಮ್ಮಿ ಇದ್ದರೂ ಪರವಾಗಿಲ್ಲ, ಮನೆಯವರು ಒಳ್ಳೆಯವರಿರಲಿ.’ ವರ ನೋಡಲು ಹೊರಟವರು ಆಡುವ ಮಾತು ಇದು.

೧. ಆಡಿಸ್ತಾರಂತ

ಬಾಗಿಲು ತೆಗೆದಾಗ ಮೊದಲು ಕಂಡದ್ದು ಮೊಣಕಾಲುಗಳು. ಕುಷ್ಟಗಿ ಕಡೆಯ ಹುಡುಗರ ಗುಂಪೊಂದು ಚಡ್ಡಿ ಬನಿಯನ್ನಿನಲ್ಲಿ, ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಸಾಲಾಗಿ ನಿಂತಿತ್ತು. ಡೊಳ್ಳು ಕುಣಿತದವರಿರಬೇಕು, ಮೈ ಸಡಿಲ ಮಾಡಿಕೊಳ್ಳುತ್ತಿದ್ದಾರೆ ಅಂದುಕೊಂಡು ಡೊಳ್ಳು ಎಲ್ಲಿ ಅಂತ ಕೇಳಿದೆ. ಅವರು ಅಂಕಣ ಎಲ್ಲಿ ಅಂತ ನನ್ನನ್ನೇ ಕೇಳಿದರು.

ವಿಚಾರಿಸಿದಾಗ ಗೊತ್ತಾದದ್ದು ಇಷ್ಟು. ನಮ್ಮ ಆಫೀಸಿನವರು ಅವರ ಕಾಲೇಜಿನ ಸಿಪಾಯಿಗೆ ಫೋನ್ ಮಾಡಿ ಜಾನಪದ ತಂಡಕ್ಕೆ ಆಡಿಷನ್ ಇದೆ ಅಂದಿದ್ದರು. ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಸಿಪಾಯಿಗೆ ಕೇಳಿಸಿದ್ದು ‘ತಂಡ’ ಮತ್ತು ‘ಆಡಿಸ’. ಅವನು ಹುಡುಗರಿಗೆ, ‘ಯುನಿವರ್ಸಿಟ್ಯಾಗ ಆಡಿಸ್ತಾರಂತ, ಹೋಗ್ರಿ’ ಅಂತ ಹೇಳಿ ಬಸ್ಸು ಹತ್ತಿಸಿದ್ದ. ತಂಡ ಅಂದ ಮೇಲೆ, ಆಡಿಸುತ್ತಾರೆ ಅಂದ ಮೇಲೆ, ಕುಷ್ಟಗಿ ಹುಡುಗರಿಗೆ ಕಬಡ್ಡಿ ಅಲ್ಲದೆ ಇನ್ನೇನು ಹೊಳೆಯಬೇಕು.

ಅಷ್ಟು ದೂರದಿಂದ ಬಂದ ಮಕ್ಕಳನ್ನು ಬರಿಹೊಟ್ಟೆಯಲ್ಲಿ ಕಳಿಸಬಾರದು ಅಂತ ಮೇಡಂ ಉಪ್ಪಿಟ್ಟು ತರಿಸಿ ತಿನ್ನಿಸಿದರು. ತಿಂದ ಋಣಕ್ಕೋ ಏನೋ, ಅವರಲ್ಲೊಬ್ಬ ಉದ್ದನೆಯ ಹುಡುಗ ನನ್ನ ಹತ್ತಿರ ಬಂದು, ತನಗೆ ಹಾಡು ಬರುವುದಿಲ್ಲ, ಕಬಡ್ಡಿ ಅನ್ನುವುದೊಂದು ಬರುತ್ತದೆ ಅಂದ. ಅದನ್ನೇ ಅನ್ನಪ್ಪಾ ಅಂದೆ. ಅವನು ಉಸಿರೆಳೆದುಕೊಂಡು ಶುರು ಮಾಡಿದ. ನಾನು ತಮಾಷೆಗೆ ಪೇಟಿಯ ಮೇಲೆ ಬೆರಳಿಟ್ಟು ನೋಡಿದರೆ, ಕಬಡ್ಡಿ ಕಬಡ್ಡಿ ಅಂತ ಅವನು ಹಿಡಿದ ಸ್ವರ ಗೂಟ ಹೊಡೆದಂತೆ ಒಂದೇ ಕಡೆ ನಿಂತಿತ್ತು. ನನ್ನ ಪೇಟಿಯ ಗಾಳಿ ಮುಗಿದರೂ ಅವನದು ಮುಗಿಯಲಿಲ್ಲ.

ಆರಿಸಿಬಿಟ್ಟೆವು. ಈಗ ನಮ್ಮ ಹಾಡುಗಳಲ್ಲಿ ಉದ್ದಕ್ಕೆ ಎಳೆಯುವುದೆಲ್ಲ ಅವನ ಪಾಲಿಗೆ. ಒಂದೇ ತೊಂದರೆ ಅಂದರೆ, ಉಸಿರು ಮುಗಿಯುತ್ತ ಬಂದಾಗ ಇಂದಿಗೂ ಹಿಂದಕ್ಕೆ ಓಡಿ ಗೆರೆ ಮುಟ್ಟಲು ನೋಡುತ್ತಾನೆ.

೨. ತಾಳಿ, ತಾಳಿ

ಮೇಡಂ ಆಡುವುದೂ ಕನ್ನಡ, ನಾವು ಆಡುವುದೂ ಕನ್ನಡ. ನಡುವೆ ಒಂದು ಹೊಳೆ ಹರಿಯುತ್ತದೆ, ಅಷ್ಟೇ.

ಸಿದ್ದಾಪುರದ ಹುಡುಗನೊಬ್ಬ ಕುಣಿಯಲು ಬಂದ. ಓದುವುದು ಗಂಗಾವತಿಯಲ್ಲಿ. ಕಾಲುವೆ ನೀರಿನ ಊರಿನವನು, ಮಾತಿನಲ್ಲಿ ಒಂದಿಷ್ಟು ತೆಲುಗು, ಒಂದಿಷ್ಟು ಉರ್ದು. ಹಲಗಿ ಬಾರಿಸಲು ಗೆಳೆಯನನ್ನೂ ಕರೆತಂದಿದ್ದ. ಸರದಿಗೆ ಕಾದವರಲ್ಲಿ ಅವನ ಕಡೆಯವರೇ ಹೆಚ್ಚು, ಕೋಣೆ ತುಂಬ ಕೂತಿದ್ದರು. ಹಲಗಿಯ ಮೇಲೆ ಪೆಟ್ಟು ಬಿದ್ದದ್ದೇ ತಡ, ಹುಡುಗ ಹಾರಿದ ರಭಸಕ್ಕೆ ಮೇಜಿನ ಮೇಲಿನ ನೀರಿನ ಬಾಟಲಿ ಉರುಳಿತು. ಮೇಡಂ ಗಾಬರಿಯಿಂದ ಕೈ ಎತ್ತಿ, ‘ತಾಳಿ, ತಾಳಿ’ ಅಂದರು.

ಅವರ ಕಡೆ ಹಾಗಂದರೆ ಸ್ವಲ್ಪ ನಿಲ್ಲಿ ಅಂತ. ನಮ್ಮ ಕಡೆ ನಿಲ್ಲಿಸಬೇಕಾದರೆ ‘ತಡೀರಿ’ ಅನ್ನಬೇಕು. ಗಂಗಾವತಿ ಬಜಾರಿನಲ್ಲಿ ಅರ್ಧ ಉರ್ದು ಕೇಳಿ ಬೆಳೆದ ಮಕ್ಕಳಿಗೆ ಕೇಳಿಸಿದ್ದು ‘ತಾಲಿ’. ತಾಲಿ ಅಂದರೆ ಚಪ್ಪಾಳೆ. ಮೇಡಂ ಬಾಯಿಬಿಟ್ಟು ಹೇಳಿದ ಮೇಲೆ ಬಿಡುವುದುಂಟೇ, ಇಡೀ ಕೋಣೆ ಚಪ್ಪಾಳೆ ಹೊಡೆಯಿತು.

ಚಪ್ಪಾಳೆ ಬಿದ್ದ ಮೇಲೆ ಕುಣಿಯುವವನು ನಿಲ್ಲುತ್ತಾನೆಯೇ. ಇನ್ನೂ ಎತ್ತರಕ್ಕೆ ಹಾರಿದ. ಮೇಡಂ ಇನ್ನೂ ಜೋರಾಗಿ ತಾಳಿ ಅಂದರು, ಚಪ್ಪಾಳೆಯೂ ಇನ್ನೂ ಜೋರಾಯಿತು. ಹಲಗಿಯವನು ತಾನೇನು ಕಮ್ಮಿ ಅಂತ ಓಟ ಹೆಚ್ಚಿಸಿದ. ಹೊರಗಿದ್ದ ನಮ್ಮ ಸಿಪಾಯಿ ಓಡಿ ಬಂದು, ಏನು ಎತ್ತ ಕೇಳದೆ ತಾನೂ ಚಪ್ಪಾಳೆ ಹೊಡೆಯುತ್ತ ನಿಂತ. ನಾನು ನಗು ತಡೆಯಲಾಗದೆ ಪೇಟಿಯ ಹಿಂದೆ ಮುಖ ಮರೆಸಿಕೊಂಡಿದ್ದೆ. ಕಡೆಗೆ ನಾನೇ ‘ತಡಿಯಪ್ಪಾ’ ಅಂದಾಗ ಹುಡುಗ ನಿಂತ. ಬೆವರು ಧಾರಾಕಾರ ಸುರಿಯುತ್ತಿತ್ತು. ಮೇಡಂಗೆ ಕೈ ಮುಗಿದು ಅಂದ:

‘ಮೇಡಮ್ಮಾರ, ನಮ್ಮ ಮನ್ಯಾಗ ಒಬ್ರೂ ನನ್ನ ಕುಣತ ನೋಡಿ ಛಲೋ ಐತಿ ಅಂದಿದ್ದಿಲ್ರಿ. ನೀವು ಎಲ್ಲಾರ ಕಡಿಂದ ತಾಲಿ ಹೊಡಿಸಿದ್ರಿ.’

ನಿಜ ಹೇಳುವ ಮನಸ್ಸು ಮೇಡಂಗೂ ಬರಲಿಲ್ಲ, ನನಗೂ ಬರಲಿಲ್ಲ. ಅವರು ಕಣ್ಣು ಒದ್ದೆ ಮಾಡಿಕೊಂಡು, ಒದ್ದೆಯಾದ ಮೇಜು ಒರೆಸುತ್ತ, ತುಂಬ ಚೆನ್ನಾಗಿ ಕುಣಿದಿರಿ ಅಂದರು. ಅವನೂ ಈಗ ತಂಡದಲ್ಲಿದ್ದಾನೆ. ಅವನನ್ನು ನಿಲ್ಲಿಸಬೇಕಾದರೆ ಮೇಡಂ ಬಾಯಿ ತೆರೆಯುವುದಿಲ್ಲ, ಎದ್ದು ಹೋಗಿ ಹಲಗಿಯವನ ಕೈ ಹಿಡಿಯುತ್ತಾರೆ.

೩. ಚಹಾ ಆರಿತು

ಕುಕನೂರಿನಿಂದ ಬಂದವನು ಭಜನೆಯಲ್ಲಿ ತತ್ವಪದ ಹಾಡಿ ಪಳಗಿದವನು. ಪೇಟಿಯ ಮುಂದೆ ಕೂತ, ಕಣ್ಣು ಮುಚ್ಚಿದ, ಹಾಡಿದ. ಸೊಗಸಾದ ಕಂಠ. ಪದ ಮುಗಿಯುತ್ತಿದ್ದಂತೆ ಮೇಡಂ ಸಾಕಪ್ಪಾ ಅಂದರು. ಅವನು ಅದರ ಬಾಲಕ್ಕೇ ಇನ್ನೊಂದು ಪದ ಗಂಟು ಹಾಕಿದ. ಭಜನೆಯವರ ಪದ್ಧತಿ ನನಗೆ ಗೊತ್ತು, ಮಂಗಳ ಹಾಡುವವರೆಗೆ ಅವರಿಗೆ ಸಾಕು ಅನ್ನುವ ಶಬ್ದ ಕೇಳಿಸುವುದಿಲ್ಲ.

ಮೇಡಂ ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಾಗದಂತೆ ಚಹಾಕ್ಕೆ ಎದ್ದು ಹೋದರು. ಅವರ ಹಿಂದೆ ಒಬ್ಬೊಬ್ಬರಾಗಿ ಉಳಿದವರೂ ಜಾರಿಕೊಂಡರು. ನಾನು ಎಲ್ಲಿಗೆ ಹೋಗಲಿ. ಪೇಟಿ ನಿಂತರೆ ಅವನು ಕಣ್ಣು ಬಿಡುತ್ತಾನೆ, ಬಿಟ್ಟರೆ ಖಾಲಿ ಕೋಣೆ ಕಾಣುತ್ತದೆ, ಕಂಡರೆ ಎಷ್ಟು ನೊಂದುಕೊಳ್ಳುತ್ತಾನೋ ಅಂತ ಒತ್ತುತ್ತಲೇ ಇದ್ದೆ. ಎಲ್ಲರೂ ಚಹಾ ಕುಡಿದು, ಬಾಯಿ ಒರೆಸಿಕೊಂಡು ಬಂದು ಮೊದಲಿನಂತೆ ಕೂತರು. ಮೇಡಂ ನನಗೊಂದು ಕಪ್ಪು ತಂದಿಟ್ಟರು. ಅದು ನನ್ನ ಕಣ್ಣ ಮುಂದೆಯೇ ಕೆನೆಗಟ್ಟಿತು.

ಮಂಗಳ ಮುಗಿಸಿ ಹುಡುಗ ಕಣ್ಣು ತೆರೆದ. ಮೊದಲು ಕಪ್ಪನ್ನು ನೋಡಿದ, ಆಮೇಲೆ ನನ್ನನ್ನು. ‘ಚಾ ಆರಿ ಹೋತಲ್ರಿ ಸರ. ನಮ್ಮ ಭಜನ್ಯಾಗ ಪಾಳಿ ಮ್ಯಾಲ ಎದ್ದು ಹೋಗಿ ಕುಡ್ದು ಬರ್ತಾರ್ರಿ, ಪೇಟಿಯವ್ರೂ ಹೋಗ್ತಾರ.’ ಹೇಳಿ ಬಲು ಕನಿಕರದಿಂದ ಕೇಳಿದ, ‘ನೀವು ಪೇಟಿಗೆ ಹೊಸಬ್ರೇನ್ರಿ?’

೪. ಹಿಂದೆ ಅನ್ನುವವರು

ಹೊತ್ತು ಇಳಿಯುತ್ತ ಬಂತು. ಹುಡುಗಿಯರೂ ಬಂದು ಹಾಡಿದರು. ಎಲ್ಲರೂ ಇಂಪಾಗಿಯೇ ಹಾಡಿದರು, ಆದರೆ ಮುಂದೆ ನಿಂತು ಗುಂಪನ್ನು ಎಳೆದುಕೊಂಡು ಹೋಗುವ ಗಂಟಲು ಅವರಲ್ಲಿ ಯಾರದೂ ಅಲ್ಲ. ಅವರನ್ನು ಜೊತೆಗೆ ಹಾಡಲು ಆರಿಸಿ ಒಂದು ಕಡೆ ಕೂರಿಸಿದೆವು. ಮೇಡಂ ಬಾಗಿಲ ಕಡೆಯೇ ನೋಡುತ್ತಿದ್ದರು.

ಕಡೆಗೆ ಬಂದವಳು ಯಲಬುರ್ಗಾ ಕಡೆಯ ಸೊಸೆ. ಎಂ.ಎ. ಓದುತ್ತಿದ್ದಾಳೆ, ಬೇಸಿಗೆಯಲ್ಲಿ ಮದುವೆಯಾಗಿದೆ. ಜೊತೆಗೆ ಅತ್ತೆ ಬಂದಿದ್ದರು, ಗಟ್ಟಿಮುಟ್ಟಾದ ಹೆಂಗಸು, ಬಗಲಲ್ಲಿ ಚೀಲ. ಹುಡುಗಿ ಒಳಗೆ ಹೋದ ಕೂಡಲೇ ಅತ್ತೆ ನನ್ನನ್ನು ಪಡಸಾಲೆಗೆ ಕರೆದರು.

‘ಮಾಸ್ತರ್ರ, ನಮ್ಮ ಸೊಸಿ ಭಾಳ ಛಲೋ ಹುಡುಗಿರಿ. ಓದಲಿ, ನಾನ ಕಳಸ್ತೀನಿ. ಆದ್ರ ಈ ತಂಡ ಕಟಗೊಂಡು ಊರೂರು ತಿರುಗೂದು ನಮ್ಮ ಮನಿತನಕ್ಕ ಹೊಂದಂಗಿಲ್ಲ. ನಾನು ಬ್ಯಾಡಂದ್ರ ಆಕಿ ಅಳ್ತಾಳ, ಆಕಿ ಅತ್ರ ನನಗ ನೋಡಾಕ ಆಗಂಗಿಲ್ಲ. ನೀವ ನಾಪಾಸ ಅಂದುಬಿಡ್ರಿ.’

ಅದು ನನ್ನ ಕೈಯಲ್ಲಿಲ್ಲ ಅಕ್ಕಾರ ಅಂದೆ. ಪೇಟಿ ನಿಮ್ಮ ಕೈಯಲ್ಲೇ ಇದೆಯಲ್ಲ, ಒಂದಿಷ್ಟು ಅತ್ತಿತ್ತ ಬಾರಿಸಿ ಅಂದರು. ಅಂದವರೇ ಚೀಲದಿಂದ ಖಡಕ್ ರೊಟ್ಟಿಯ ಗಂಟು ತೆಗೆದು ನನ್ನ ಕೈಗಿಟ್ಟರು, ಮೇಲೆ ಶೇಂಗಾ ಚಟ್ನಿ ಬೇರೆ. ಪಾಸು ಮಾಡಿ ಅಂತ ಬಂದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಬೇಸುರು ಬಾರಿಸಿ ಅಂತ ಬಂದವರು ಇವರೊಬ್ಬರೇ. ಗಂಟು ವಾಪಸು ಕೊಟ್ಟು ಒಳಗೆ ಬಂದೆ. ಚಟ್ನಿಯ ವಾಸನೆ ಮಾತ್ರ ಕೈಯಲ್ಲೇ ಉಳಿಯಿತು.

ಹುಡುಗಿ ಎದ್ದು ನಿಂತು ಸೋಬಾನೆಯ ಮೊದಲ ಸಾಲು ಹಾಡಿದಳು. ಮೇಡಂ ನೆಟ್ಟಗೆ ಕೂತರು. ಹುಡುಕುತ್ತಿದ್ದ ಗಂಟಲು ಅದೇ, ತುಂಬಿದ ಕೊಡದಂಥ ಗಂಟಲು. ಮೊದಲ ಸಾಲು ಮುಗಿಯಿತು. ಹುಡುಗಿ ನಿಲ್ಲಿಸಿದಳು. ನಾವು ಕಾದೆವು, ಅವಳೂ ಕಾದಳು. ಮತ್ತೆ ಅದೇ ಸಾಲು ಹಾಡಿ ಮತ್ತೆ ನಿಲ್ಲಿಸಿದಳು. ಮರೆತುಹೋಯಿತೇನಮ್ಮ ಅಂತ ಮೇಡಂ ಕೇಳಿದರು. ಅವಳು ಇಲ್ಲ ಅಂತ ತಲೆಯಾಡಿಸಿ ಒಮ್ಮೆ ಬೆನ್ನ ಹಿಂದೆ ನೋಡಿದಳು.

‘ಹಿಂದ ಅನ್ನೋರು ಇಲ್ರಿ’ ಅಂದಳು.

ಆಗ ನನಗೆ ತಿಳಿಯಿತು. ಸೋಬಾನೆಯನ್ನು ಯಾರೂ ಒಬ್ಬರೇ ಹಾಡುವುದಿಲ್ಲ. ಮುಂದಿನವಳು ಒಂದು ಸಾಲು ಅನ್ನಬೇಕು, ಅದನ್ನೇ ಹಿಂದಿನವರು ತಿರುಗಿ ಅನ್ನಬೇಕು, ಆಮೇಲೆ ಮುಂದಿನ ಸಾಲು. ಬುದ್ಧಿ ಬಂದಾಗಿನಿಂದ ಈ ಹುಡುಗಿ ಮೊದಲ ಸಾಲು ಬೆನ್ನ ಹಿಂದಿನಿಂದ ವಾಪಸು ಬರದೆ ಎರಡನೆಯದನ್ನು ಹಾಡಿಯೇ ಇಲ್ಲ. ಹಾಡು ಬಾಯಲ್ಲಿದೆ, ಹೊರಗೆ ಬರುತ್ತಿಲ್ಲ. ಕಣ್ಣು ತುಂಬಿ ಬಂತು ಅವಳಿಗೆ. ಕೂತಿದ್ದ ಹುಡುಗಿಯರಿಗೆ ಅವಳ ಊರಿನ ಆ ಪದ ಗೊತ್ತಿರಲಿಲ್ಲ, ಒಬ್ಬರ ಮುಖ ಒಬ್ಬರು ನೋಡಿದರು.

ನಾನು ಬಾಗಿಲಲ್ಲಿ ನಿಂತ ಅತ್ತೆಯನ್ನು ನೋಡಿದೆ. ಅವರು ಕೇಳಿಕೊಂಡದ್ದು ನಾನು ಬೇಸುರು ಬಾರಿಸದೆಯೇ ಆಗುತ್ತಿತ್ತು, ಅವರು ಸಮಾಧಾನದಿಂದಿರಬೇಕಿತ್ತು. ಮುಖ ಮಾತ್ರ ಬೇರೆಯವರ ಒಲೆಯ ಮೇಲೆ ಹಾಲು ಉಕ್ಕುವುದನ್ನು ನೋಡುತ್ತ ನಿಂತವರ ಹಾಗಿತ್ತು. ಹುಡುಗಿ ಮತ್ತೊಮ್ಮೆ ಅದೇ ಸಾಲು ಅಂದಳು. ಬಾಗಿಲ ಕಡೆಯಿಂದ ಆ ಸಾಲು ವಾಪಸು ಬಂತು, ಗೋಡೆ ಗುಂಯ್‌ಗುಡುವ ಹಾಗೆ. ಅತ್ತೆ ಚೀಲ ಕೆಳಗಿಟ್ಟು, ಸೆರಗು ತಲೆಯ ಮೇಲೆ ಎಳೆದುಕೊಂಡು, ಬಂದು ಸೊಸೆಯ ಹಿಂದೆ ನಿಂತರು. ಎತ್ತಿದ ಪದ ನಡುವೆ ಬಿಡುವುದು ಮನೆಗೆ ಒಳ್ಳೆಯದಲ್ಲ, ಹೂಂ ಮುಂದೆ ಹಾಡು ಅಂದರು.

ಆಮೇಲೆ ಹಾಡು ಹರಿಯಿತು ನೋಡಿ. ನನ್ನ ಬೆರಳಿಗೂ ಅಂಥ ಸುಖ ಭಾಳ ದಿನದಿಂದ ಸಿಕ್ಕಿರಲಿಲ್ಲ. ಮೇಡಂ ಹಿಗ್ಗಿನಲ್ಲಿ, ನಗಿಸುವ ಹಾಡೊಂದು ಬರುತ್ತದೆಯೇ ಅಂತ ಕೇಳಿದರು. ನಮ್ಮ ಕಡೆ ಮದುವೆಯಲ್ಲಿ ನಗಿಸುವ ಹಾಡು ಅಂದರೆ ಬೀಗರ ಹಾಡು. ಹೆಣ್ಣಿನ ಕಡೆಯವರು ಗಂಡಿನ ತಾಯಿಯನ್ನು ಎದುರಿಗೇ ನಿಲ್ಲಿಸಿಕೊಂಡು ಬೈಯುವ ಹಾಡು. ಹುಡುಗಿ ಹಿಂದೆ ತಿರುಗಿ ಅತ್ತೆಯ ಮುಖ ನೋಡಿದಳು. ನನ್ನ ಮುಖ ಯಾಕೆ ನೋಡುತ್ತಿ, ಹಾಡು ಅಂದರು ಅತ್ತೆ. ಯಾವ ಹಾಡು ಅಂತ ಅವರಿಗೇನು ಗೊತ್ತು. ಹುಡುಗಿ ಕಣ್ಣು ಮುಚ್ಚಿ ಶುರು ಮಾಡಿದಳು:

ಬಂದಾಳ ಬೀಗತಿ ಮೂಗ ಮುರಕೋತ
ಬುಟ್ಟಿ ಹೋಳಿಗಿ ಸಾಲವಲ್ದು

ಅತ್ತೆಯ ಬಾಯಿ ತೆರೆಯಿತು, ಮುಚ್ಚಿತು. ಆದರೆ ಹಿಂದೆ ಅನ್ನುವವರ ಧರ್ಮ ಅಂದರೆ ಧರ್ಮ, ಮುಂದಿನವಳು ಏನು ಅಂದರೂ ಅದನ್ನೇ ಅನ್ನಬೇಕು. ತುಂಬು ಗಂಟಲಲ್ಲಿ ತಮ್ಮ ಮೂಗನ್ನು ತಾವೇ ಹಳಿದುಕೊಂಡರು. ಹುಡುಗಿಗೆ ಧೈರ್ಯ ಬಂತು:

ಹಪ್ಪಳ ಒಂದು ಕಮ್ಮಿ ಬಿದ್ದರ
ಹಂದರ ಕಿತ್ತ ಹೊಂಟಾಳ

ಇಲ್ಲಿ ಅತ್ತೆ ಒಂದು ಗಳಿಗೆ ತಡೆದರು. ಬೇಸಿಗೆಯ ಮದುವೆಯಲ್ಲಿ ಹಪ್ಪಳದ ವಿಷಯಕ್ಕೆ ನಿಜವಾಗಿಯೂ ಒಂದು ಮಾತು ಬಂದಿತ್ತಂತೆ. ಮೂಲ ಪದದಲ್ಲಿ ಹಪ್ಪಳ ಇತ್ತೋ, ಹುಡುಗಿಯೇ ಸೇರಿಸಿದಳೋ, ಅವಳು ಇವತ್ತಿಗೂ ಬಾಯಿ ಬಿಟ್ಟಿಲ್ಲ. ತಡೆದ ಅತ್ತೆ ಆಮೇಲೆ ಅಂದರು, ಮೊದಲಿಗಿಂತ ಜೋರಾಗಿ ಅಂದರು. ಅನ್ನುತ್ತ ಅನ್ನುತ್ತ ನಗು ಬಂದು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಸೊಸೆಯೂ ನಗುತ್ತ ಅವರ ತೋಳು ಹಿಡಿದುಕೊಂಡಳು. ಆ ಇಬ್ಬರನ್ನು ನೋಡಿ ನನಗೆ ಬಲು ಪ್ರೀತಿ ಬಂತು.

ಹಾಡು ಮುಗಿದ ಮೇಲೆ ಮೇಡಂ ಹುಡುಗಿಯನ್ನು ಆರಿಸಿದೆವು ಅಂತ ಹೇಳಲಿಲ್ಲ. ಎದ್ದು ಬಂದು ಅತ್ತೆಗೆ ಕೈ ಮುಗಿದು, ಕಳಿಸುತ್ತೀರಾ ಅಮ್ಮ ಅಂತ ಕೇಳಿದರು. ಹುಡುಗಿ ತಲೆ ತಗ್ಗಿಸಿ ನೆಲ ನೋಡುತ್ತ ನಿಂತಳು. ಅತ್ತೆ, ಹಿಂದೆ ಅನ್ನುವವರು ಯಾರು ಅಂತ ಕೇಳಿದರು. ನಾನು ಆ ಕಡೆ ಕೂತ ಹುಡುಗಿಯರನ್ನು ತೋರಿಸಿದೆ. ಹಪ್ಪಳದ ಸಾಲನ್ನು ಅವರಿಂದ ಅನ್ನಿಸಿ ನೋಡಿದರು. ದೊಡ್ಡವರ ಎದುರು ಹೇಗೆ ಬೈಯುವುದು ಅಂತ ಅಂಜಿ, ಹುಡುಗಿಯರು ಅದನ್ನು ಸಾಲೆಯ ಪ್ರಾರ್ಥನೆಯ ಹಾಗೆ ಕೈ ಕಟ್ಟಿಕೊಂಡು ಮೆಲ್ಲಗೆ ಅಂದರು.

ಅತ್ತೆ ತಲೆಯಾಡಿಸಿ ಚೀಲ ಬಗಲಿಗೆ ಏರಿಸಿಕೊಂಡರು.

‘ಕಳಸ್ತೀನ್ರಿ ಮೇಡಮ್ಮಾರ. ಆದ್ರ ಆಕಿ ಸಂಗಾಟ ನಾನೂ ಬರ್ತೀನಿ. ಈ ಹುಡುಗ್ಯಾರಿಗೆ ನನ್ನ ಬೈಯಾಕ ಬರಂಗಿಲ್ಲ.’