ಈ ದಿನವೇ ಬದುಕಿ: ದಿನಾಂಕ ಮುಂದೆ ತಿಳಿಸಲಾಗುವುದು

ಕುಂಯ್ ಎಂದು ಶುರುವಾಗಿ, ಬಾಲ ತುಳಿಸಿಕೊಂಡ ನಾಯಿಯಂತೆ ಒಮ್ಮೆ ಕಿರುಚಿ, ಆಮೇಲೆ "ಹಲೋ, ಹಲೋ" ಎಂದು ಗಂಟಲು ಸರಿಮಾಡಿಕೊಳ್ಳುತ್ತಿದ್ದ ಒಂದು ಮೈಕಿನ ಸದ್ದು ಎರಡು ವರ್ಷಗಳಿಂದ ನನ್ನ ಕಿವಿಯಲ್ಲಿ ಮನೆ ಮಾಡಿಕೊಂಡಿದೆ. ಆ ಮೈಕಿನ ಮುಂದೆ ನಾನು ಒಂದು ಮಾತನ್ನೂ ಆಡಲಿಲ್ಲ. ಆಡಬೇಕೆಂದು ಬರೆದಿಟ್ಟುಕೊಂಡದ್ದು ಮಾತ್ರ ಇಪ್ಪತ್ತೆರಡು ಪುಟ. ವಿಷಯ, ಸಾಹಿತ್ಯದಲ್ಲಿ ಮತ್ತು ಸಿನಿಮಾದಲ್ಲಿ 'ಈ ದಿನವೇ ಬದುಕು' ಎಂಬ ತತ್ವ. ಈ ಭಾಷಣ ಒಂದು ವರ್ಷದೊಳಗೆ ಏಳು ಸಲ ಪೋಸ್ಟ್‌ಪೋನ್ ಆಯಿತು. ನಗು ಬಂದರೆ ಈಗಲೇ ನಕ್ಕುಬಿಡಿ, ಐ ವೋಂಟ್ ಮೈಂಡ್.

ನಾನು ಗೋವಾದ ಕುಡಚಡೆಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು. ಓದಿದ್ದು ಧಾರವಾಡದ ಕಾನ್ವೆಂಟಿನಲ್ಲಿ, ಈ ತತ್ವದ ಪರಿಚಯವಾದದ್ದೂ ಅಲ್ಲೇ. ನಮ್ಮ ಪೊಯಟ್ರಿ ಪುಸ್ತಕದಲ್ಲಿ ಎರಡು ಪುಟಗಳನ್ನು ಸಿಸ್ಟರ್ ಒಂದಕ್ಕೊಂದು ಗೋಂದು ಹಚ್ಚಿ ಅಂಟಿಸಿಬಿಟ್ಟಿದ್ದರು. ಒಳಗೇನಿದೆ ಎಂದು ಕೇಳಿದರೆ "ಆಫ್ಟರ್ ಮ್ಯಾರೇಜ್, ಗರ್ಲ್ಸ್" ಎನ್ನುತ್ತಿದ್ದರು. ನಾವು ಹಾಸ್ಟೆಲಿನ ಚಹಾ ಕೆಟಲ್ ಮೇಲೆ ಪುಸ್ತಕ ಹಿಡಿದು, ಹಬೆಯಲ್ಲಿ ಪುಟ ಬಿಡಿಸಿದೆವು. ಒಳಗೊಬ್ಬ ಕವಿ ಒಬ್ಬ ಹುಡುಗಿಗೆ, ಯೌವನ ಓಡುತ್ತಿದೆ, ನಾಚಿಕೆಯನ್ನೆಲ್ಲ ನಾಳೆಗಿಟ್ಟು ಬೇಗ ಬಾ ಎಂದು ಗಂಟುಬಿದ್ದಿದ್ದ. ಹೀಗೆ ಅವಸರಪಡಿಸುವ ಕವಿಗಳೆಲ್ಲ ಗಂಡಸರೇ ಎಂಬುದು ನನ್ನ ಸಂಶೋಧನೆ. ಹುಡುಗಿ ಎದುರಿಗಿದ್ದಾಗ ಮಾತ್ರ ಅವರಿಗೆ ಕಾಲ ಓಡುವುದು ಕಾಣುತ್ತದೆ. ತೊಳೆಯಬೇಕಾದ ಪಾತ್ರೆ ಎದುರಿಗಿದ್ದರೆ ಕಾಲ ಬೇಕಾದಷ್ಟಿರುತ್ತದೆ. ಅದೇನೇ ಇರಲಿ, ಸಿಸ್ಟರ್ ಹೇಳಿದ ಹಾಗೆ ನಾನು ಮದುವೆಯಾಗುವವರೆಗೆ ಕಾದೆ. ಸಿಕ್ಕ ಯಜಮಾನರು ಅದಿರು ಕಂಪನಿಯಲ್ಲಿ ಟೈಮ್ ಕೀಪರ್. ಕಾಲ ಓಡುವುದನ್ನು ಅವರು ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಿದ್ದರು, ಅಷ್ಟೇ.

ಸಿನಿಮಾದ ರೀತಿಯೇ ಬೇರೆ. ಅಲ್ಲಿ 'ಇವತ್ತೇ ಬದುಕು' ಎಂದು ಯಾರಾದರೂ ಹಲ್ಲು ಕಿರಿದು ಹೇಳಿದರೆ ಇಂಟರ್ವಲ್ ಆದ ಅರ್ಧ ಗಂಟೆಗೆ ಅವನು ಖಂಡಿತ ಸಾಯುತ್ತಾನೆ. ಇನ್ನು ಡಾಕ್ಟರು ಆರೇ ತಿಂಗಳು ಎಂದ ಕೂಡಲೇ ಹೀರೋ ಟಿಕೆಟ್ ತೆಗೆಸುವುದು ಗೋವಾಕ್ಕೆ. ಕಾಣಕೋಣದ ಕಡಲ ದಂಡೆಯಲ್ಲಿ ಕೈ ಚಾಚಿಕೊಂಡು ಓಡುತ್ತಾನೆ. ಅಲ್ಲ, ಗೋವಾದಲ್ಲೇ ಇರುವ ನಮಗೆ ಡಾಕ್ಟರು ಆರು ತಿಂಗಳು ಎಂದರೆ ನಾವು ಎಲ್ಲಿಗೆ ಓಡಬೇಕು? ಸಾವರ್ಡೆಯ ನಮ್ಮ ಕನ್ನಡ ಬಳಗದ ಅಧ್ಯಕ್ಷರಾದ ಪಾಟೀಲರಿಗೆ ಈ ಪ್ರಶ್ನೆ ಹಾಕಿದೆ. ಅವರು ಹಾರ್ಡ್‌ವೇರ್ ಅಂಗಡಿಯವರು, ಯೋಚನೆಗೆ ಸಮಯ ಹಾಳುಮಾಡುವುದಿಲ್ಲ. "ಬೆಳಗಾವಿಗ್ರಿ, ಅಲ್ಲಿ ದೊಡ್ಡ ದವಾಖಾನಿ ಅದಾವು" ಎಂದರು. ಈ ಉತ್ತರವನ್ನೂ ಭಾಷಣದಲ್ಲಿ ಸೇರಿಸಿಕೊಂಡೆ.

ಬಳಗದವರಲ್ಲಿ ಹೆಚ್ಚಿನವರು ಕಟ್ಟಡದ ಕೆಲಸಕ್ಕೆ, ಟ್ರಕ್ಕಿಗೆ, ಬಂದರಿಗೆ ದುಡಿಯಲು ಹೋಗುವವರು. ಅವರಿಗೆ ಬಿಡುವು ಭಾನುವಾರ ಮಾತ್ರ, ಆದ್ದರಿಂದ ಭಾಷಣವೂ ಭಾನುವಾರವೇ. ಮೊದಲನೆಯ ಭಾನುವಾರ ಮಳೆ ಬಂದು ಸಭೆಯ ಹಾಲ್‌ನೊಳಗೆ ಕುರ್ಚಿಗಳು ತೇಲಿದವು. ಎರಡನೆಯ ಸಲ ಹೋಗಿ ನೋಡಿದರೆ ಅದೇ ಹಾಲಿನಲ್ಲಿ ಮದುವೆ ರಿಸೆಪ್ಶನ್. ಇಳಕಲ್ಲಿನ ಸೀರೆಯುಟ್ಟು, ಕೈಯಲ್ಲಿ ಕಾಗದ ಹಿಡಿದಿದ್ದ ನನ್ನನ್ನು ಯಾರೋ ಹಿರಿಯ ನೆಂಟರೆಂದು ಸ್ಟೇಜಿಗೆ ಹತ್ತಿಸಿದರು. ನಾನು ವಧೂವರರಿಗೆ ಅಕ್ಷತೆ ಹಾಕಿ, ಊಟ ಮಾಡಿ, ಫೋಟೋದಲ್ಲೂ ನಿಂತು ಬಂದೆ. ಮೂರನೆಯ ಸಲ ಹಾಲ್ ಖಾಲಿಯಿತ್ತು, ಜನ ಬಂದಿದ್ದರು, ಮುಖ್ಯ ಅತಿಥಿಗಳೇ ಇಲ್ಲ. ಹುಬ್ಬಳ್ಳಿಯಿಂದ ಕುಟುಂಬಸಮೇತ ಹೊರಟಿದ್ದ ಅವರು ನೇರ ಕಾಣಕೋಣದ ಬೀಚಿಗೆ ಹೋಗಿ, ಇವತ್ತೊಂದು ದಿನ ಆರಾಮಾಗಿ ಇರ್ತೇವ್ರಿ, ಕಾರ್ಯಕ್ರಮ ಮುಂದ ಇಟ್ಕೋರಿ ಎಂದು ಫೋನ್ ಮಾಡಿದರಂತೆ. ನನ್ನ ಭಾಷಣವನ್ನು ಕೇಳದೆಯೇ ಪಾಲಿಸಿದ ಒಬ್ಬರೇ ಒಬ್ಬರು ಅವರು. ನಾಲ್ಕನೆಯ ಸಲ ಬಳಗದ ಹಿರಿಯರೊಬ್ಬರು ತೀರಿಕೊಂಡರು. ಪಾಟೀಲರು ಗದ್ಗದಿತರಾಗಿ, ಮನುಷ್ಯನ ಬಾಳು ಇಷ್ಟೇ, ಯಾವುದನ್ನೂ ನಾಳೆಗೆ ಅಂತ ಇಡಬಾರದು ಎಂದು ಹೇಳಿ, ಕಣ್ಣೊರೆಸಿಕೊಂಡು, ಇಂದಿನ ಉಪನ್ಯಾಸವನ್ನು ಬರುವ ತಿಂಗಳಿಗೆ ಇಡಲಾಗಿದೆ ಎಂದು ಸಾರಿದರು.

ಅಷ್ಟು ಹೊತ್ತಿಗೆ ಬಸ್ ಸ್ಟ್ಯಾಂಡಿನ ಬ್ಯಾನರಿನ ಮೇಲೆ ತಾರೀಕಿನ ಚೀಟಿಗಳು ಒಂದರ ಮೇಲೊಂದು ಕೂತು ರೊಟ್ಟಿಯಷ್ಟು ದಪ್ಪವಾಗಿದ್ದವು. ಪಾಟೀಲರು ಬೇಸತ್ತು ಹೊಸ ಬ್ಯಾನರ್ ಹಾಕಿಸಿದರು. ಮೇಲೆ ದೊಡ್ಡ ಅಕ್ಷರದಲ್ಲಿ 'ಈ ದಿನವೇ ಬದುಕಿ', ಕೆಳಗೆ 'ದಿನಾಂಕ ಮುಂದೆ ತಿಳಿಸಲಾಗುವುದು'. ಓದಿದವರು ತಲೆಯಾಡಿಸಿ ಬಸ್ಸು ಹತ್ತುತ್ತಿದ್ದರು. ಅದರಲ್ಲೇನೋ ಐಬಿದೆ ಎಂದು ಹೊಳೆಯಲು ನನಗೇ ಎರಡು ದಿನ ಬೇಕಾಯಿತು. ಹೇಳಿದರೆ ಪಾಟೀಲರು ಸಮಾಧಾನ ಮಾಡಿದರು. "ಅಕ್ಕೋರ, ಅವಸರ ಏನೈತ್ರಿ? ವಿಷಯ ಎಲ್ಲಿ ಓಡಿ ಹೊಕ್ಕೈತಿ?"

ಇಷ್ಟೂ ಸಲ ತಪ್ಪದೆ ಬಂದವರೆಂದರೆ ಮೈಕಿನ ರಾಜೇಸಾಬ್. ಕುರ್ಚಿ, ಶಾಮಿಯಾನ, ಮೈಕು ಬಾಡಿಗೆಗೆ ಕೊಡುವ, ನನಗಿಂತ ನಾಲ್ಕೈದು ವರ್ಷ ಚಿಕ್ಕವರಿರಬಹುದಾದ ಮನುಷ್ಯ. ಪ್ರತಿ ಸಲ ಕುರ್ಚಿ ಹಾಕಿ, ಮೈಕಿಗೆ ಎರಡು ಪೆಟ್ಟು ಕೊಟ್ಟು ಬುದ್ಧಿ ಕಲಿಸಿ, ಮತ್ತೆ ಎಲ್ಲವನ್ನೂ ಟೆಂಪೋಗೆ ಏರಿಸುತ್ತಿದ್ದರು. ಆ ನಾಲ್ಕನೆಯ ಸಲ, ಹಿರಿಯರ ಸಂತಾಪ ಸಭೆಯ ದಿನ, ವೈರು ಸುತ್ತುತ್ತಾ ನನ್ನ ಹತ್ತಿರ ಬಂದು ಕೂತರು.

"ಅಕ್ಕೋರ, ಮುದ್ದೇಬಿಹಾಳದ ಕಡೆ ನಮ್ಮಕ್ಕ ಅದಾಳ್ರಿ. ಕಣ್ಣ ಮಂಜ ಆಗಾಕತ್ತಾವಂತ. ಪೂರಾ ಹೋಗೂದ್ರಾಗ ನಿನ್ನ ಮಾರಿ ಒಮ್ಮೆ ನೋಡ್ತೇನಿ, ಬಾ ಅಂತಾಳ. ನಾ ಸೀಜನ್ ಮುಗೀಲಿ, ಸೀಜನ್ ಮುಗೀಲಿ ಅಂತ ದೂಡಕೋಂತ ಬಂದೇನ್ರಿ. ನಿಮ್ಮ ಭಾಷಣದಾಗ ಇಂಥಾದ್ದಕ್ಕ ಏನರ ಐತೇನ್ರಿ?"

ಇತ್ತು. ಹದಿನಾಲ್ಕನೆಯ ಪುಟದಲ್ಲಿ ಅಚ್ಚುಕಟ್ಟಾಗಿ ಅದೇ ಇತ್ತು. 'ಇವತ್ತೇ ಹೋಗಿ' ಎನ್ನಲು ಎರಡು ಶಬ್ದ ಸಾಕಾಗಿತ್ತು. ಆದರೆ ನೋಡಿ, ನಾಲ್ಕು ತಿಂಗಳಿಂದ ಕಾದಿಟ್ಟ ಭಾಷಣಕ್ಕೆ ಮೊಟ್ಟಮೊದಲ ಬಾರಿಗೆ ಒಬ್ಬ ಆಸಕ್ತ ಶ್ರೋತೃ ಸಿಕ್ಕಿದ್ದರು. ಹೀಗೆ ಮೆಟ್ಟಿಲ ಮೇಲೆ ಕೂತು ಅದನ್ನು ಹಾಳುಮಾಡಿಕೊಳ್ಳುವ ಮನಸ್ಸು ನನಗೆ ಬರಲಿಲ್ಲ. ಈಗ ಹೇಳಿದ್ರ ಸಸ್ಪೆನ್ಸ್ ಹೋಗ್ತದ ರಾಜೇಸಾಬ್, ಬರೋ ತಿಂಗಳ ಭಾಷಣ ಕೇಳಿಯೇ ಊರಿಗೆ ಹೋಗ್ರಿ ಎಂದೆ. ಹೌದ್ರಿ, ಕೇಳೇ ಹೊಕ್ಕೇನ್ರಿ ಎಂದು ಅವರು ತಲೆಯಾಡಿಸಿದರು. ಸೀಜನ್ನಿಗಾಗಿ ಕಾಯುತ್ತಿದ್ದವರು ಅಂದಿನಿಂದ ನನಗಾಗಿಯೂ ಕಾಯತೊಡಗಿದರು. ಐದನೆಯ ಸಲ ಚುನಾವಣೆಯ ನೀತಿಸಂಹಿತೆ ಬಂತು, ಆರನೆಯ ಸಲ ನಮ್ಮ ಜನಕ್ಕೆಲ್ಲ ಡಬಲ್ ಡ್ಯೂಟಿ ಬಂತು. ಎರಡೂ ಸಲ ರಾಜೇಸಾಬ್ ಖಾಲಿ ಹಾಲಿನ ಮೊದಲ ಸಾಲಿನಲ್ಲಿ ತಾವೇ ತಂದ ಕುರ್ಚಿಯಲ್ಲಿ ಕೂತಿದ್ದು, ತಾವೇ ಮಡಿಸಿಕೊಂಡು ಹೋದರು.

ಏಳನೆಯ ಸಲದ ಕಾರಣವನ್ನು ಪಾಟೀಲರು ಒಂದು ಮಂಗಳವಾರ ಬೆಳಿಗ್ಗೆ ಫೋನಿನಲ್ಲಿ ಹೇಳಿದರು. ಮೈಕ್ ಸಿಗೂದಿಲ್ರಿ, ರಾಜೇಸಾಬ ಸಾಮಾನೆಲ್ಲಾ ಮಾರಿ ಊರಿಗೆ ಹೊಂಟಾನ, ಈಗ ಸ್ಟೇಷನ್ನಿನ್ಯಾಗ ಅದಾನ. ನಾನು ಭಾಷಣದ ಪುಟಗಳನ್ನು ಪರ್ಸಿಗೆ ತುರುಕಿಕೊಂಡು, ನಮ್ಮ ಗಲ್ಲಿಯ ಮೂಲೆಯಲ್ಲಿ ಬಾಡಿಗೆಗೆ ನಿಲ್ಲುವ ಬೈಕ್ ಟ್ಯಾಕ್ಸಿಯವನ, ಗೋವಾದ ಮಾತಿನಲ್ಲಿ ಮೋಟರ್‌ಸೈಕಲ್ ಪೈಲಟ್‌ನ, ಬೆನ್ನ ಹಿಂದೆ ಹತ್ತಿ ಕೂತೆ. ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಪರಪುರುಷನ ಸೊಂಟ ಹಿಡಿದು ಕುಡಚಡೆಯ ಪೇಟೆಯಲ್ಲಿ ಹಾರಿದ ನನ್ನನ್ನು ಸಿಸ್ಟರ್ ನೋಡಿದ್ದರೆ ನನ್ನನ್ನೂ ಗೋಂದು ಹಚ್ಚಿ ಮುಚ್ಚುತ್ತಿದ್ದರು.

ಹುಬ್ಬಳ್ಳಿ ಕಡೆಯ ಗಾಡಿ ಬಂದು ನಿಂತಿತ್ತು. ನಿಲ್ಲುವುದು ಎರಡೇ ನಿಮಿಷ. ರಾಜೇಸಾಬ್ ಒಂದು ಟ್ರಂಕಿನೊಂದಿಗೆ ಬಾಗಿಲಲ್ಲೇ ಇದ್ದರು.

"ನಿಮ್ಮ ಭಾಷಣ ಕೇಳದ ಹೊಂಟೇನ್ರಿ ಅಕ್ಕೋರ, ಸಿಟ್ಟಾಗಬ್ಯಾಡ್ರಿ. ಒಂದ ಕಣ್ಣ ಪೂರಾ ಹೋತಂತ. ಇನ್ನೊಂದ ಇರೂದ್ರಾಗ ಮಾರಿ ತೋರಸ್ತೇನ್ರಿ."

ಹೋದ ಆ ಕಣ್ಣು ನನ್ನ ಯಾವ ಭಾನುವಾರಕ್ಕೆ ಸೇರಿದ್ದೋ, ಕೇಳುವ ಧೈರ್ಯ ನನಗಾಗಲಿಲ್ಲ. "ನಿಲ್ರಿ, ಈಗ ಓದ್ತೀನಿ" ಎಂದು ಪುಟ ತೆಗೆದೆ. ರಾಜೇಸಾಬ್ ಟೊಪ್ಪಿಗೆ ಸರಿಮಾಡಿಕೊಂಡು ಕೈಕಟ್ಟಿ ನಿಂತರು. ಸೀದಾ ವಿಷಯಕ್ಕೆ ಬರಬಹುದಾಗಿತ್ತು. ಆದರೆ ಕಾನ್ವೆಂಟಿನಲ್ಲಿ ಬೆಳೆದವಳು ಯಾವುದನ್ನೂ ಮೊದಲಿನಿಂದಲೇ ಓದುತ್ತಾಳೆ. "ವೇದಿಕೆಯ ಮೇಲೆ ಆಸೀನರಾಗಿರುವ ಮಾನ್ಯ ಅಧ್ಯಕ್ಷರೇ" ಎಂದು ಶುರುಮಾಡಿದೆ. ಗಾಡಿ ಅಲುಗಿತು. ನಾನೂ ಜೊತೆಗೆ ಹೆಜ್ಜೆ ಹಾಕುತ್ತಾ ಮುಖ್ಯ ಅತಿಥಿಗಳನ್ನೂ ಗೌರವ ಕಾರ್ಯದರ್ಶಿಗಳನ್ನೂ ಸ್ಮರಿಸಿದೆ. ತಾಯಂದಿರನ್ನು ಸ್ಮರಿಸುವಾಗ ಓಡುತ್ತಿದ್ದೆ. ರಾಜೇಸಾಬ್ ಕಂಬಿ ಹಿಡಿದು, ಕಿವಿಗೆ ಅಂಗೈ ಒಡ್ಡಿ, ಹೊರಕ್ಕೆ ಬಾಗಿ ಒಂದಕ್ಷರವೂ ಬಿಡದಂತೆ ಕೇಳುತ್ತಿದ್ದರು. ಸಿಗ್ನಲ್ ಕಂಬದ ಆಚೆ ಗಾಡಿ ತಿರುಗಿಕೊಂಡಾಗಲೂ ಅವರು ತಲೆಯಾಡಿಸುತ್ತಲೇ ಇದ್ದರು. ನಾನು ಪ್ಲಾಟ್‌ಫಾರ್ಮಿನ ತುದಿಯಲ್ಲಿ ಏದುಸಿರು ಬಿಡುತ್ತಾ ಮಾಧ್ಯಮ ಮಿತ್ರರನ್ನು ಸ್ವಾಗತಿಸುತ್ತಿದ್ದೆ.