ಗೋವಿಂದನ ಕಾರಿಗೆ ಮೂತಿ ಬಂದದ್ದು

ಕಾರು ಕೊಳ್ಳುವುದರಲ್ಲಿ ಏನು ಹೆಚ್ಚುಗಾರಿಕೆ, ದುಡ್ಡಿದ್ದ ಯಾರು ಬೇಕಾದರೂ ಕೊಳ್ಳುತ್ತಾರೆ, ಕಟ್ಟಿ ತೋರಿಸಬೇಕು ಎಂಬುದು ಗೋವಿಂದನ ಸಿದ್ಧಾಂತ. (ದುಡ್ಡಿಲ್ಲದವರಿಗೆ ಇಂಥ ಸಿದ್ಧಾಂತಗಳು ಬೇಗ ಹೊಳೆಯುತ್ತವೆ ಎಂದು ಅವನೇ ಒಪ್ಪಿಕೊಳ್ಳುತ್ತಿದ್ದ.) ಶಿರಸಿಯ ಒಂದು ಕಾಲೇಜಿನಲ್ಲಿ ಅವನು ರಸಾಯನಶಾಸ್ತ್ರ ಪ್ರಯೋಗಾಲಯದ ಸಹಾಯಕ. ಬೇರೆಯವರ ಪ್ರಯೋಗ ಮುಗಿದ ಮೇಲೆ ಗಾಜಿನ ಕೊಳವೆ ತೊಳೆಯುವುದು ಅವನ ಉದ್ಯೋಗ. ಆರು ವರ್ಷ ತೊಳೆದವನಿಗೆ ತನ್ನದೇ ಒಂದು ಪ್ರಯೋಗ ಇರಲಿ ಅನ್ನಿಸಿದ್ದರೆ ತಪ್ಪು ಹುಡುಕುವಂತಿಲ್ಲ.

ಕಾಲೇಜಿನ ವಾಚನಾಲಯಕ್ಕೆ ಬರುತ್ತಿದ್ದ ಮೋಟಾರು ಪತ್ರಿಕೆಯ ಹಿಂಪುಟದಲ್ಲಿ ಆ ಜಾಹೀರಾತು ಇತ್ತು. ಹಳೆಯ ಸಣ್ಣ ಕಾರೊಂದರ ಮೈ ಕಳಚಿಹಾಕಿ. ನಾವು ಕಳಿಸುವ ಫೈಬರಿನ ಮೈ ಜೋಡಿಸಿ. ನಲವತ್ತು ವರ್ಷ ಹಿಂದಿನ ಇಟಲಿಯ ರೇಸ್ ಕಾರಿನ ಪಡಿಯಚ್ಚು ನಿಮ್ಮ ಮನೆಯಲ್ಲೇ ತಯಾರು. ಮೂರು ಭಾನುವಾರ ಸಾಕು. ಇದು ಎರಡು ಸಾವಿರದ ಒಂದನೇ ಇಸವಿಯ ಮಾತು. ಮೂರು ಭಾನುವಾರಗಳು ಮುಗಿಯುವಾಗ ಎರಡು ಸಾವಿರದ ಮೂರರ ಮೇ ತಿಂಗಳು ಬಂದಿತ್ತು.

ಪೆಟ್ಟಿಗೆ ಲಾರಿಯಲ್ಲಿ ಬಂದ ದಿನ ಬೀದಿಗೆ ಬೀದಿಯೇ ಸೇರಿತು. ಹುಲ್ಲಿನ ನಡುವಿನಿಂದ ಕೆಂಪಗಿನ ದೊಡ್ಡ ಚಿಪ್ಪೊಂದು ಹೊರಬಂದಾಗ ಮನೆಯ ಮಾಲಿಕ ಅನಂತಮೂರ್ತಿಗಳು ಕನ್ನಡಕ ಒರೆಸಿಕೊಂಡು, "ಗೋವಿಂದಾ, ಇದು ದೋಣಿಯಾ, ಸ್ನಾನದ ತೊಟ್ಟಿಯಾ?" ಎಂದು ಕೇಳಿದರು. ಕಾರು ಎಂದು ಗೊತ್ತಾದ ಮೇಲೆ, ಇಬ್ಬರೇ ಕೂರುವ ಕಾರಿನಲ್ಲಿ ಮೂರನೆಯವನು ಎಲ್ಲಿ ಕೂರಬೇಕು ಎಂಬ ಪ್ರಶ್ನೆ ಅವರನ್ನು ಒಂದು ತಿಂಗಳು ಕಾಡಿತು. ಮೈ ಕಳಚಿದ ಹಳೆಯ ಕಾರಿನ ಎಂಜಿನ್ ಕೂರಿಸಲು ಬಂದ ಮೆಕ್ಯಾನಿಕ್ ನಾಗಪ್ಪ ಹಾನಗಲ್ ಕಡೆಯವನು. ಅವನು ಚಿಪ್ಪನ್ನು ಎರಡು ಸಲ ಸುತ್ತು ಹಾಕಿ, ಬೆರಳಿನಿಂದ ತಟ್ಟಿ, "ಸರ್, ಎಂಜಿನ್ ನಾ ಕುಂದರಸ್ತೀನಿ. ಈ ಪಲ್ಲಕ್ಕಿ ಕೆಲಸ ನೀವ ನೋಡ್ಕೋರಿ. ತಪ್ಪಾತಂದ್ರ ನನ್ನ ಹೆಸರ ಹೇಳಬ್ಯಾಡ್ರಿ" ಎಂದು ಕೈತೊಳೆದುಕೊಂಡ.

ಹೀಗೆ ಮನೆಯ ಪಕ್ಕದ ಶೆಡ್ಡಿನಲ್ಲಿ ಕಾರು ಬೆಳೆಯತೊಡಗಿತು. ಒಂದೊಂದು ತುಣುಕೂ ಗೋವಿಂದನಿಗೆ ಒಂದೊಂದು ಕೌತುಕ. ಇದು ಹೀಗೇಕೆ ಬಾಗಿದೆ, ಆ ತೂತು ಯಾತಕ್ಕೆ, ಉಳಿದ ಏಳು ಸ್ಕ್ರೂಗಳು ಎಲ್ಲಿಗೆ ಸೇರಬೇಕಾದವು ಎಂದು ಅವನು ಊಟದ ನಡುವೆ ಎದ್ದು ಹೋಗಿ ನೋಡಿ ಬರುತ್ತಿದ್ದ. ಹೆಂಡತಿ ವಿನೋದಾಳ ಕೌತುಕ ಒಂದೇ: ಶೆಡ್ಡು ಯಾವಾಗ ಖಾಲಿಯಾಗುತ್ತದೆ? ಅವಳಿಗೆ ಅಲ್ಲಿ ಹೊಲಿಗೆ ತರಗತಿ ಶುರುಮಾಡಬೇಕಿತ್ತು.

"ಎರಡು ಮಳೆಗಾಲ ಹೋತು," ಎಂದಳು ಒಂದು ದಿನ, ದೋಸೆ ಮಗುಚುತ್ತ. "ಕ್ಲಾಸಿಗೆ ಆರು ಜನ ಹೆಸರು ಕೊಟ್ಟಿದ್ದ. ಅವ್ರನ್ನ ಎಲ್ಲಿ ಕೂರ್ಸವು? ನಿಂಗಳ ಕಾರಿನ ತಲೆ ಮೇಲಾ?"

"ಇನ್ನು ಮೂತಿ ಒಂದೇ ಬಾಕಿ, ಮಾರಾಯ್ತಿ."

"ಮೊದ್ಲು ಬಾಗಿಲು ಒಂದೇ ಬಾಕಿ ಹೇಳಿ ಆತು. ಮತ್ತೆ ಸೀಟು ಒಂದೇ ಬಾಕಿ. ಯಾವಾಗ್ಲೂ ಒಂದೇ ಬಾಕಿ ಇಪ್ಪದು ನಿಂಗಳ ಕಾರಿಗೆ. ಆ ಒಂದು ಮಾತ್ರ ಮುಗಿತಿಲ್ಲೆ."

ಮಾತಿಗೆ ಮಾತು ಬೆಳೆದು ಕರಾರೊಂದು ಏರ್ಪಟ್ಟಿತು. ಹೆಗ್ಗರಣೆಯಲ್ಲಿ ಗೋವಿಂದನ ಅಕ್ಕನ ಮಗ ವೈಭವನ ಮುಂಜಿ, ಬರುವ ಗುರುವಾರ, ಹನ್ನೊಂದೂಕಾಲಿಗೆ ಮುಹೂರ್ತ. ಸೋದರಮಾವನಿಲ್ಲದೆ ಮುಂಜಿ ನಡೆಯುವುದಿಲ್ಲ. ಅಷ್ಟರೊಳಗೆ ಇಬ್ಬರೂ ಈ ಕಾರಿನಲ್ಲೇ ಹೋಗಿ ಮುಟ್ಟಿದರೆ ಶೆಡ್ಡು ಕಾಯಂ ಆಗಿ ಕಾರಿನದು. ಮುಟ್ಟದಿದ್ದರೆ ಮರುದಿನವೇ ಹೊಲಿಗೆ ತರಗತಿಯದು.

"ಮಾತು ತಪ್ಪಲಾಗ," ಎಂದಳು ವಿನೋದಾ.

"ತಪ್ತ್ನಿಲ್ಲೆ," ಎಂದ ಗೋವಿಂದ, ಮಹಾಪ್ರತಿಜ್ಞೆ ಮಾಡಿದವರ ಗತ್ತಿನಲ್ಲಿ.

ಮೂತಿ, ಅಂದರೆ ಕಾರಿನ ಮುಂದಿನ ಚೂಪು ಭಾಗ, ಕೂರಿಸಲು ಬೇಕಾದ ಅಂಟು ಎರಡು ಡಬ್ಬಿಗಳಲ್ಲಿ ಬರುತ್ತದೆ. ಒಂದು ಅಂಟು, ಇನ್ನೊಂದು ಅದನ್ನು ಗಟ್ಟಿ ಮಾಡುವ ದ್ರಾವಣ. ಮೊದಲನೆಯದು ಧಾರಾಳವಾಗಿತ್ತು. ಎರಡನೆಯದು ಸೋಮವಾರ ತೀರಿಹೋಗಿತ್ತು. ಹುಬ್ಬಳ್ಳಿಗೆ ಫೋನು ಮಾಡಿದ್ದಕ್ಕೆ "ಕಳಿಸ್ತೀವ್ರಿ" ಎಂದರು. ಯಾವಾಗ ಎಂದು ಹೇಳಲಿಲ್ಲ. ಬುಧವಾರ ಸಂಜೆ ಗೋವಿಂದ ಅಡುಗೆಮನೆಯ ಬಾಗಿಲಲ್ಲಿ ನಿಂತು ನೀರು ಕುಡಿಯುವಾಗ ಮಾಡಿನ ಸಂದಿಯಲ್ಲಿ ಸಿಕ್ಕಿಸಿದ್ದ ಕೋಲು ಕಣ್ಣಿಗೆ ಬಿತ್ತು. ಹಲಸಿನ ಹಣ್ಣು ಬಿಡಿಸುವಾಗಲೆಲ್ಲ ಬಂದ ಮೇಣವನ್ನು ಸುತ್ತಿ ಸುತ್ತಿ ಇಟ್ಟ ಕೋಲು. ಬಿಸಿ ಮಾಡಿ ಹಚ್ಚಿದರೆ ತೂತು ಬಿದ್ದ ಕೊಡಪಾನ ಇನ್ನೊಂದು ವರ್ಷ ಸೋರುವುದಿಲ್ಲ.

ವಿಜ್ಞಾನದ ಮನುಷ್ಯ, ಪರೀಕ್ಷಿಸದೆ ಮುಂದುವರಿಯಲಿಲ್ಲ. ಫೈಬರಿನ ಎರಡು ತುಣುಕಿಗೆ ಮೇಣ ಹಚ್ಚಿ ಅಂಟಿಸಿ, ಕೆಳಗೆ ರುಬ್ಬುವ ಕಲ್ಲಿನ ಗುಂಡು ಕಟ್ಟಿ ನೇತುಹಾಕಿದ. ಒಂದು ಗಂಟೆಯಾದರೂ ಬಿಡಲಿಲ್ಲ.

"ನೋಡು. ಇಟಲಿಯವಕ್ಕೆ ಗೊತ್ತಿಲ್ಲೆ ಇದು."

"ಅಲ್ಲಿ ಹಲಸಿನ ಮರ ಇಲ್ಲೆ, ಅದಕ್ಕೇ ಬೇರೆ ಅಂಟು ಕಂಡುಹಿಡಿದ," ಎಂದಳು ವಿನೋದಾ. "ಇದು ಕೊಡಪಾನಕ್ಕೆ ಹಚ್ಚದು. ಕೊಡಪಾನ ಓಡ್ತಿಲ್ಲೆ."

(ಪ್ರಯೋಗ ನಡೆದದ್ದು ನೆರಳಿನಲ್ಲಿ, ಎಂಜಿನ್ನು ಹತ್ತಿರವೆಲ್ಲೂ ಇಲ್ಲದ ಕಡೆ. ಇಷ್ಟನ್ನು ವಿಜ್ಞಾನಿ ಗಮನಕ್ಕೆ ತೆಗೆದುಕೊಂಡಿರಲಿಲ್ಲ.)

ಗುರುವಾರ ಬೆಳಗ್ಗೆ, ಮೇಣದಲ್ಲಿ ಕೂರಿಸಿದ ಮೂತಿಯೊಂದಿಗೆ, ಕಾರು ಶೆಡ್ಡಿನಿಂದ ಹೊರಬಂತು. ಕೆಂಪಗೆ, ಉದ್ದಕ್ಕೆ, ನೆಲಕ್ಕೆ ಅಂಟಿಕೊಂಡ ಹಾಗೆ. ರೇಷ್ಮೆ ಸೀರೆಯ ವಿನೋದಾ ಒಳಗೆ ಇಳಿಯಲು ಐದು ನಿಮಿಷ ಹಿಡಿಯಿತು. ಅನಂತಮೂರ್ತಿಗಳು ಕಾಯಿ ಒಡೆದರು. ದಾರಿಯುದ್ದಕ್ಕೂ ಜನ ನಿಂತು ನೋಡಿದರು. ಸೊಪ್ಪಿನ ಹೊರೆ ಹೊತ್ತವರು ಹೊರೆಯ ಸಮೇತ ತಿರುಗಿದರು. ಎದುರು ಬಂದ ಬಸ್ಸಿನ ಡ್ರೈವರು ಬಸ್ಸು ನಿಲ್ಲಿಸಿ, ಕತ್ತು ಹೊರಗೆ ಹಾಕಿ, "ಎಲ್ಲಿದು?" ಎಂದು ಕೇಳಿದ. "ಇಲ್ಲಿದೇ," ಎಂದ ಗೋವಿಂದ. ಎರಡು ವರ್ಷದಲ್ಲಿ ಅವನಿಗೆ ಅಷ್ಟು ಸುಖ ಕೊಟ್ಟ ಮಾತು ಬೇರೆ ಇರಲಿಲ್ಲ. ವಿನೋದಾಳೂ ಸೆರಗು ಬಿಗಿದುಕೊಂಡು, "ಅಡ್ಡಿಲ್ಲೆ, ಗಾಳಿ ಚೊಲೋ ಬತ್ತು," ಎಂದುಬಿಟ್ಟಳು.

ಹೆಗ್ಗರಣೆ ಇನ್ನು ಅರ್ಧ ಮೈಲಿ ಇದೆ ಎನ್ನುವಾಗ ಕಾರು ತಲೆ ತಗ್ಗಿಸಿತು. ಮೇಲೆ ಮೇ ತಿಂಗಳ ಬಿಸಿಲು, ಒಳಗೆ ಎಂಜಿನ್ನಿನ ಕಾವು. ಮೇಣ ತನ್ನ ಜನ್ಮದ ಗುಣ ನೆನಪಿಸಿಕೊಂಡು ಕರಗಿ ಹಪ್ಪಳದ ಹಿಟ್ಟಿನಂತಾಗಿತ್ತು. ಮೂತಿ ನಾಲ್ಕು ಬೆರಳು ಜಾರಿ, ಎಳೆಎಳೆಯಾದ ಮೇಣದಲ್ಲಿ ತೂಗಾಡುತ್ತಿತ್ತು. ಗೋವಿಂದ ಹಾರಿ ಇಳಿದು ಎರಡೂ ಕೈಯಲ್ಲಿ ಅದನ್ನು ಎತ್ತಿ ಹಿಡಿದ. ಹಿಡಿದದ್ದೇ ತಡ, ಕೈ ಅದರದ್ದಾಯಿತು.

"ಗಂಟೆ ಎಷ್ಟು?"

"ಹತ್ತೂಮುಕ್ಕಾಲು. ಕೈ ತೆಗಿರಿ, ನೋಡ್ವ."

"ಬತ್ತಿಲ್ಲೆ."

ವಿನೋದಾ ಒಂದು ಕ್ಷಣ ನೋಡಿದಳು. ಆಮೇಲೆ ಸೀರೆ ಎತ್ತಿಕಟ್ಟಿ ಸ್ಟೇರಿಂಗಿನ ಹಿಂದೆ ಕೂತಳು. (ತವರಿನಲ್ಲಿ ಅಪ್ಪನ ಜೀಪು ಓಡಿಸಿದವಳು.) ಅವಳು ಆಮೆಯ ವೇಗದಲ್ಲಿ ಕಾರು ಬಿಟ್ಟಳು, ಅವನು ಮೂತಿ ಹಿಡಿದುಕೊಂಡು ಕಾರಿನ ಮುಂದೆ ಹಿಮ್ಮುಖವಾಗಿ ನಡೆದ. ಮುಂಜಿ ಮನೆಯ ಅಂಗಳದಲ್ಲಿ ಇನ್ನೂರು ಜನರ ಮುಂದೆ ಅವರು ಹೀಗೆ ಬಿಜಯಂಗೈದರು. ಹನ್ನೊಂದು ಗಂಟೆ ಎರಡು ನಿಮಿಷ. ಕರಾರು ಗೆದ್ದಾಗಿತ್ತು.

ನಾಲ್ಕು ಜನ ಸೇರಿ ಅವನನ್ನು ಮೂತಿಯಿಂದ ಬಿಡಿಸಿದರು. ಮೂತಿ ಬಿಟ್ಟಿತು, ಮೇಣ ಬಿಡಲಿಲ್ಲ. ವಿನೋದಾ ಎಂಜಿನ್ನು ಆರಿಸಿ ಬಂದು ಕೀಲಿಯನ್ನು ಅವನ ಅಂಗೈಯಲ್ಲಿಟ್ಟಳು. "ಹಿಡ್ಕಳಿ. ಗೆದ್ದಿದ್ದಿ," ಎಂದು ಒಳಗೆ ಹೋದಳು. ಕೀಲಿ ಅಂಗೈಗೆ ಕೂತೇಬಿಟ್ಟಿತು. ತೊಳೆಯಲು ಎಣ್ಣೆ ತರಿಸುವಷ್ಟರಲ್ಲಿ ಒಳಗಿನಿಂದ ಭಟ್ಟರು ಸೋದರಮಾವನನ್ನು ಕೂಗಿದರು. ಗೋವಿಂದ ಕೀಲಿಯನ್ನು ಎರಡು ಅಂಗೈಗಳ ನಡುವೆ ಮುಚ್ಚಿಕೊಂಡೇ ಮಂಟಪದಲ್ಲಿ ಕೂತು, ಉಪದೇಶ ಮುಗಿಯುವವರೆಗೆ ಭಕ್ತಿಯಿಂದ ಕೈ ಮುಗಿದ ಹಾಗೆ ಕಂಡ. ವಾಸ್ತವವಾಗಿ ಕೈ ಬಿಡಿಸಲು ಬರುತ್ತಿರಲಿಲ್ಲ.

ಆಮೇಲೆ ಭಿಕ್ಷೆ. ಬೋಳು ತಲೆಯ, ಕೌಪೀನದ, ಎಂಟು ವರ್ಷದ ವೈಭವ ಜೋಳಿಗೆ ಹಿಡಿದು ಅಮ್ಮನಿಂದ ಶುರುಮಾಡಿ ಒಬ್ಬೊಬ್ಬರ ಮುಂದೆ ನಿಂತು ಬೇಡುತ್ತ ಬಂದ. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಗೋವಿಂದನ ಕೈಗೆ ತೆಂಗಿನೆಣ್ಣೆ ಸುರಿದಿದ್ದರು; ಅಂಗೈಗಳು ಬೇರೆಯಾಗಿದ್ದವು, ಕೀಲಿ ಮಾತ್ರ ಇನ್ನೂ ಬಿಟ್ಟಿರಲಿಲ್ಲ. ಅಕ್ಕ ತಮ್ಮನ ಕೈ ತುಂಬ ಅಕ್ಕಿ ಹಾಕಿದಳು. ಅವನು ಜೋಳಿಗೆಯ ಮೇಲೆ ಕೈ ಮಗುಚಿದ. ಒಂದು ಕಾಳೂ ಬೀಳಲಿಲ್ಲ.

"ವಟು ನಿಂತಿದ್ದ. ಬರಿಗೈಲಿ ಕಳ್ಸಲಾಗ," ಎಂದರು ಭಟ್ಟರು.

ಗೋವಿಂದ ಕೈ ಕೊಡವಿದ. ಇನ್ನೊಮ್ಮೆ, ಜೋರಾಗಿ ಕೊಡವಿದ. ಅಕ್ಕಿ, ಎಣ್ಣೆ, ಮೇಣ ಎಲ್ಲ ಒಂದು ಮುದ್ದೆಯಾಗಿ ಜೋಳಿಗೆಗೆ ಬಿತ್ತು. ಜೊತೆಗೆ, ಮೊದಲೇ ಬಿದ್ದಿದ್ದ ನಾಣ್ಯಗಳ ಮೇಲೆ ಠಣ್ ಎಂದು ಇನ್ನೊಂದು ಬಿತ್ತು.

ವೈಭವ ಜೋಳಿಗೆಯೊಳಗೆ ಇಣುಕಿದ. ಕೀಲಿ ಎತ್ತಿ ಹಿಡಿದು ಅಂಗಳದ ಕಡೆ ನೋಡಿದ. ಇನ್ನೂರು ಜನರೂ ಅಂಗಳದ ಕಡೆ ನೋಡಿದರು.

"ಅದು ಹಾಂಗಲ್ಲ, ಅದು ಜಾರಿ..." ಎಂದ ಗೋವಿಂದ.

ಭಟ್ಟರು ಅಡ್ಡ ಕೈ ಹಿಡಿದರು. "ಜೋಳಿಗೆಗೆ ಬಿದ್ದದ್ದು ವಟುವಿಂದು. ತಿರುಗಿ ತೆಗಿಯಲಾಗ."

"ಸೋದರಮಾವ ಅಂದ್ರೆ ಹೀಂಗಿರವು," ಎಂದು ಯಾರೋ ಮುದುಕರು ಕಣ್ಣೊರೆಸಿಕೊಂಡರು. ಅಕ್ಕ ಅತ್ತೇಬಿಟ್ಟಳು. ಅಷ್ಟು ಕಣ್ಣೀರಿನ ಮುಂದೆ ಸತ್ಯ ಹೇಳುವ ಧೈರ್ಯ ಗೋವಿಂದನಿಗೆ ಬರಲಿಲ್ಲ.

ಸಂಜೆ ಇಬ್ಬರೂ ಬಸ್ಸಿನಲ್ಲಿ ಶಿರಸಿಗೆ ಹೊರಟರು. ಅಂಗೈಯ ಮೇಣ ಕೆರೆಯುತ್ತ ಗೋವಿಂದ ಕೇಳಿದ. "ಕೀಲಿ ಎಂತಕ್ಕೆ ಎನ್ನ ಅಂಗೈಲಿ ಇಟ್ಟೆ? ಮೇಣ ಇದ್ದದ್ದು ಕಂಡಿತ್ತಿಲ್ಯಾ?"

"ಕಾರು ಯಾರದು? ನಿಂಗಳದ್ದು. ಮತ್ಯಾರ ಕೈಲಿ ಕೊಡವು?" ಎಂದಳು ವಿನೋದಾ, ಕಿಟಕಿಯ ಹೊರಗೆ ನೋಡುತ್ತ. "ಮುಹೂರ್ತಕ್ಕೆ ಮೊದ್ಲೇ ಮುಟ್ಟಿದ್ದು ಹೌದು. ಶೆಡ್ಡು ನಿಂಗಳದೇ. ಅದ್ರಲ್ಲಿ ಎಂತ ಇಡವು ಹೇಳಿ ನಿಂಗ ಯೋಚನೆ ಮಾಡಿ. ಅಲ್ಲಿವರೆಗೆ ಆರು ಮಿಷಿನ್ ಇಡ್ತೆ."

ಎರಡು ವಾರ ಬಿಟ್ಟು ಹುಬ್ಬಳ್ಳಿಯಿಂದ ಎರಡನೆಯ ಡಬ್ಬಿ ಬಂತು. ಗೋವಿಂದ ಎರಡೂ ಡಬ್ಬಿ ಹೊತ್ತು ಭಾನುವಾರ ಮೊದಲ ಬಸ್ಸು ಹಿಡಿದು ಹೆಗ್ಗರಣೆಗೆ ಹೋದ. ಅಕ್ಕ ಕಾರಿನ ಬೆಚ್ಚಗಿನ ಬೆನ್ನ ಮೇಲೆ ಸಂಡಿಗೆ ಒಣಗಿಸಿದ್ದಳು. ಅವನು ಮೆಲ್ಲಗೆ ಮೂತಿಯ ಕಡೆ ಬಗ್ಗಿದಾಗ ಜಗಲಿಯಿಂದ, ಪಂಚಪಾತ್ರೆ ಹಿಡಿದು ಕೂತಿದ್ದ ಬ್ರಹ್ಮಚಾರಿಯ ಧ್ವನಿ ಕೇಳಿತು.

"ಮಾವಾ, ಸಂಧ್ಯಾವಂದನೆ ಮುಗಿಸಿ ಬತ್ತೆ. ಅಲ್ಲಿವರೆಗೆ ಎನ್ನ ಕಾರು ಮುಟ್ಟಡ."

ಗೋವಿಂದ ಡಬ್ಬಿಗಳನ್ನು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತ.